ಇನ್ನೂರ ಹನ್ನೆರಡನೆಯ ಪುಟ

ಹೆಬ್ಡನ್ ಬ್ರಿಜ್, ಕಾಲುವೆ ಬದಿಯ ಮನೆ, ಶನಿವಾರ ಮೂರು ಗಂಟೆ.
ಎನಿಡ್ ಸಗ್ಡನ್‌ಗೆ ಎರಡು ವರ್ಷದಿಂದ ಕಣ್ಣು ಕಾಣುವುದಿಲ್ಲ.
ನಾನು ಬರುವುದು ಮಾತ್ರೆ ಎಣಿಸಿಡಲು, ಕಾಲಿಗೆ ಮುಲಾಮು ಹಚ್ಚಲು.
ಓದುವ ಕೆಲಸ ಕೌನ್ಸಿಲ್ಲಿನ ಪಟ್ಟಿಯಲ್ಲಿಲ್ಲ.

ಅವಳ ಅಜ್ಜಿಯ ಕಾಲದ ಕಾದಂಬರಿ. ಬೆನ್ನು ಮುರಿದಿದೆ,
ಗಾಯದ ಪಟ್ಟಿ ಅಂಟಿಸಿದವಳು ನಾನೇ.
ಜಮೀನು ಅಳೆಯುವವನೊಬ್ಬ ಟೊಪ್ಪಿ ಕೈಯಲ್ಲಿ ಹಿಡಿದು ಗೇಟಿನಾಚೆ,
ಈಚೆ ಪಾದ್ರಿಯ ತಂಗಿ, ಮೊಟ್ಟೆಯ ಬುಟ್ಟಿ.
"ನಿಮ್ಮ ಬೇಲಿಗಿಡ ಒಂದಿಷ್ಟು ಕತ್ತರಿಸಬೇಕು," ಅನ್ನುತ್ತಾನೆ.
"ಮಾರ್ಚ್‌ನಿಂದಲೂ ಅದು ಹಾಗೇ ಇದೆ," ಅನ್ನುತ್ತಾಳೆ.
ಅಷ್ಟೇ. ಅಧ್ಯಾಯ ಮುಗಿಯಿತು.
ಮುಂದಿನದರಲ್ಲಿ ಅವರಿಗೆ ಮದುವೆಯಾಗಿ ಆರು ವಾರ.

ಮೊದಲ ಸಲ ನಾನು ಪುಟ ಹಿಂದೆ ತಿರುವಿದೆ,
ಎರಡು ಹಾಳೆ ಅಂಟಿಕೊಂಡಿರಬೇಕೆಂದು.
"ಅವನು ಕೇಳಿದ್ದು ಯಾವಾಗ?"
"ಈಗ ತಾನೇ ನೀನೇ ಓದಿದೆಯಲ್ಲ.
ಕರೆಂಟ್ ಬಿಲ್ಲು ಓದಿದ ಹಾಗೆ ಓದಿದೆ, ಅದಕ್ಕೇ ಕೇಳಿಸಲಿಲ್ಲ."

ತೀರಾ ಗೊತ್ತಿಲ್ಲದವಳೇನಲ್ಲ ನಾನು, ಎನಿಡ್.
ಒಡೆದ ಬಳೆಗೆ ನಾವು ಹೆಚ್ಚಿತು ಅನ್ನುತ್ತೇವೆ,
ಡಬ್ಬದ ತಳ ಕಂಡರೆ ಅಕ್ಕಿ ತುಂಬಿದೆ ಅನ್ನುತ್ತೇವೆ.
ಹೊರಟವರು ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತಾರೆ.
ನನ್ನ ಗಂಡ ಹಾಗಂದೇ ಬ್ರಾಡ್‌ಫರ್ಡಿಗೆ ಹೋದ, ಏಳು ವರ್ಷವಾಯಿತು.
ಸುಳ್ಳಲ್ಲ ಅದು, ನುಡಿಗಟ್ಟು.

ಕಾಲೇಜಿನಲ್ಲಿ ಬಾಳಿಕಾಯಿ ಮೇಷ್ಟ್ರು ಧ್ವನಿಯ ಪಾಠಕ್ಕೆ
ಬೋರ್ಡಿನ ಮೇಲೆ ಒಂದೇ ವಾಕ್ಯ ಬರೆದಿದ್ದರು: ಹೊತ್ತು ಮುಳುಗಿತು.
ಕಳ್ಳನಿಗೆ ಏನರ್ಥ, ದನ ಕಾಯುವವನಿಗೆ ಏನು,
ಕಿಟಕಿಯಲ್ಲಿ ನಿಂತ ಹೆಂಗಸಿಗೆ ಏನು?
ಹತ್ತಕ್ಕೆ ಎಂಟು ಕೊಟ್ಟರು ನನಗೆ.
ಎರಡು ಯಾಕೆ ಹೋಯಿತೆಂದು ಹೇಳಲಿಲ್ಲ.

ಈ ಊರಲ್ಲಿ ಆ ಪಾಠ ಮತ್ತೆ ಮೊದಲಿಂದ.
"ಪರವಾಗಿಲ್ಲ" ಅಂದರೆ ಬಹಳ ಚೆನ್ನಾಗಿದೆ.
"ಬಹಳ ಸ್ವಾರಸ್ಯವಾಗಿದೆ" ಅಂದರೆ ಇನ್ನೊಮ್ಮೆ ತರಬೇಡ,
ನನ್ನ ಉಪ್ಪಿಟ್ಟಿಗೆ ಬಿದ್ದ ತೀರ್ಪು ಅದು.

ಹೋದ ಶನಿವಾರ ಬಾಗಿಲಲ್ಲಿ ಹೇಳಿದಳು:
"ಗುರುವಾರ ಬರಬೇಡ. ಮಳೆ ಬರುವ ಹಾಗಿದೆ."
ಬಸ್‌ಸ್ಟಾಪಿನವರೆಗೂ ಆ ಮಾತನ್ನು ದೋಸೆಯಂತೆ ಮಗುಚಿದೆ.
ಬರಬೇಡ ಅಂದರೆ ಬಾ. ಮಳೆ ಅಂದರೆ ಒಬ್ಬಳೇ ಇರಲಾರೆ.
ಪಾಪ, ಅಂದುಕೊಂಡೆ.
ಗುರುವಾರ ಸಾರಿನ ಡಬ್ಬಿ ಟವೆಲಿನಲ್ಲಿ ಸುತ್ತಿಕೊಂಡು ಹೊರಟೆ.

ಬಿಸಿಲು.
ಯಾರ್ಕ್‌ಷೈರಿನಲ್ಲಿ ಅಪರೂಪಕ್ಕೆ ಬೀಳುವ, ಸಂಕೋಚವಿಲ್ಲದ ಬಿಸಿಲು.
ಗೇಟಿನ ಪಕ್ಕ ಏಣಿ, ಏಣಿಯ ಮೇಲೆ ವಿಲ್ಫ್ ಬ್ಯಾರಕ್ಲಫ್,
ಎಂಬತ್ತೊಂದು ವರ್ಷ, ಇಸ್ತ್ರಿ ಮಾಡಿದ ಅಂಗಿ,
ಉದ್ದ ಹಿಡಿಯ ಕತ್ತರಿ, ಕಚ್ ಕಚ್.
ಮೆಟ್ಟಿಲ ಬಳಿ ಕುರ್ಚಿ ಹಾಕಿಕೊಂಡು ಎನಿಡ್,
ಎಲೆ ಉದುರುವ ಸದ್ದಿನ ಕಡೆಗೆ ಮುಖ,
ಕಿವಿಯಲ್ಲಿ ನಾನು ಎಂದೂ ನೋಡದ ಮುತ್ತು.
"ಎಡಗಡೆ ಇನ್ನೂ ಎತ್ತರ ಇದೆ," ಅಂದಳು, ಕಣ್ಣಿಲ್ಲದವಳು.
"ಇದೆ ಇದೆ," ಅಂದ, ಮಟ್ಟಸವಾಗಿ ಕತ್ತರಿಸಿ ಮುಗಿಸಿದ್ದವನು.

ಬರಬೇಡ ಅಂದರೆ ಬರಬೇಡ.
ಆ ಎರಡು ಅಂಕ ಹೋದದ್ದು ಇಲ್ಲಿ.

ಸದ್ದಾಗದಂತೆ ತಿರುಗಿದೆ. ಕಾಲುವೆಯ ಕಟ್ಟೆಗೆ ಕೂತು
ಮುಚ್ಚಳಕ್ಕೆ ಬಗ್ಗಿಸಿಕೊಂಡು ಸಾರು ಕುಡಿದೆ.
ಅವಳ ಬಿಪಿಗೆಂದು ಉಪ್ಪು ಕಡಿಮೆ ಹಾಕಿದ್ದೆ.
ಬಾತುಕೋಳಿಗಳಿಗೆ ಏನೂ ಕೊಡಲಿಲ್ಲ.

ಇವತ್ತು ಕೋಣೆಯ ತುಂಬ ಕತ್ತರಿಸಿದ ಎಲೆಯ ಹಸಿ ವಾಸನೆ.
"ಗುರುವಾರ ನಿಮ್ಮ ಕಡೆ ಮಳೆ ಬಂತಾ?"
"ಬಂತು," ಅಂದೆ. "ಜೋರು. ಮನೆ ಬಿಟ್ಟು ಹೊರಡಲೇ ಇಲ್ಲ."
ಅವಳು ಚಮಚ ಬಟ್ಟಲಲ್ಲಿ ಎರಡು ಸುತ್ತು ತಿರುಗಿಸಿದಳು.
"ಆ ನಿನ್ನ ಇಂಗು," ಅಂದಳು, "ಬಹಳ ದೂರದಿಂದ ಬರುತ್ತೆ, ಗೊತ್ತಾ?"

ಪುಸ್ತಕ ತೊಡೆಯ ಮೇಲಿಟ್ಟೆ.
ಅದೇ ಪುಟ, ತಾನಾಗಿ ತೆರೆದುಕೊಂಡಿತು.